ಉಂಡ ತಟ್ಟೆ

ಕೋಣಂದೂರಿನ ಆ ಮನೆಯಲ್ಲಿ ಗಂಡಸರು ಉಂಡ ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋಗುವುದು ವಾಡಿಕೆ. ತಟ್ಟೆ ಎತ್ತುವುದು ಹೆಂಗಸರ ಕೆಲಸ. ಮದುವೆಯಾಗಿ ಬಂದಾಗಿನಿಂದ ಹದಿನೆಂಟು ವರ್ಷ ಸುಚಿತ್ರಾ ಎತ್ತಿದ್ದಳು. ಹೋದ ವಾರ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಮೇಲೆ ಆ ಕೆಲಸ ಮಗಳು ಚೈತನ್ಯಾಳ ಪಾಲಿಗೆ ಬಂತು.

ಚೈತನ್ಯಾ, ಮಯೂರ ಅವಳಿ ಮಕ್ಕಳು, ಇಬ್ಬರಿಗೂ ಹದಿನಾರು. ಹುಡುಗಿ ಹತ್ತು ಜನಕ್ಕೆ ಅಡಿಗೆ ಮಾಡಿ ಬಡಿಸಬಲ್ಲಳು, ತರಗತಿಯಲ್ಲಿ ಎದ್ದು ನಿಂತರೆ ಮಾತ್ರ ದನಿ ಹೊರಡದು. ಹುಡುಗ ಮೈಕು ಸಿಕ್ಕರೆ ಬಿಡುವವನಲ್ಲ, ಆದರೆ ಬಾಯಾರಿದರೆ ನೀರನ್ನು ಬೇರೆಯವರೇ ತಂದುಕೊಡಬೇಕು. ಹೀಗೆ ಬೆಳೆಸಿದವಳು ತಾನೇ ಎಂಬುದು ಸುಚಿತ್ರಾಳಿಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳುವಷ್ಟು ತ್ರಾಣ ಉಳಿದಿರಲಿಲ್ಲ.

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಗಂಡ ಅಂಗಡಿಗೆ ಹೋದ ಹೊತ್ತಿಗೆ ಮಕ್ಕಳ ಶಾಲೆಯ ವಾಗ್ದೇವಿ ಟೀಚರ್ ಬಂದರು. ತೀರ್ಥಹಳ್ಳಿಯಲ್ಲಿ ಐದು ದಿನದ ಶಿಬಿರ. ನಾಲ್ಕು ಜನರೆದುರು ಅಂಜದೆ ಮಾತಾಡುವುದನ್ನು ಕಲಿಸುತ್ತಾರಂತೆ. ಚೈತನ್ಯಾಳ ಹೆಸರು ಬರೆಸಿದ್ದರು. ನಾಳೆಯೇ ಹೊರಡಬೇಕು.

"ಅವ್ಳು ಹೋದ್ರೆ ಇಲ್ಲಿ ತಟ್ಟೆ ಎತ್ತೋರ್ಯಾರು?" ಅತ್ತೆ ಕೆರಿಯಮ್ಮ ಕೇಳಿದಳು. "ಸೊಸೆ ಕೈ ನೋಡಿದ್ರಲ್ಲ."

"ಮಯೂರ ಇದಾನಲ್ಲ ಅಜ್ಜಿ. ಈಗ್ಲೇ ಕಲೀಲಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ?" ಎಂದರು ಟೀಚರ್.

"ಗಂಡು ಎಂಜಲು ತಟ್ಟೆ ಎತ್ತಿದ್ರೆ ಮನೆ ಏಳ್ಗೆ ಆಗಲ್ಲ ಕಣಮ್ಮ."

"ಇಷ್ಟು ವರ್ಷ ಎತ್ತದೇ ಎಷ್ಟು ಏಳ್ಗೆ ಆಯ್ತು ಅಜ್ಜಿ?"

ಕೆರಿಯಮ್ಮ ಮುಖ ತಿರುಗಿಸಿದಳು.

"ಬಿಡಿ ಟೀಚರ್, ನಾ ಬರಲ್ಲ," ಎಂದಳು ಚೈತನ್ಯಾ, ನೆಲ ನೋಡುತ್ತ. ತಟ್ಟೆ ಎತ್ತಲು ಬಗ್ಗಿದಳು. ಬಿಡಿ, ಬಿಡಿ ಎನ್ನುತ್ತಲೇ ಸುಚಿತ್ರಾಳ ಅರ್ಧ ಆಯುಷ್ಯ ಕಳೆದಿತ್ತು.

"ಮುಟ್ಟಬೇಡ," ಎಂದಳು. "ಹೋಗಿ ಬಟ್ಟೆ ಜೋಡಿಸ್ಕೋ. ನಾಳೆ ನೀ ಹೋಗ್ತೀಯ."

"ಎಂತದೇ ಇದು?" ಅತ್ತೆ ದನಿ ಎತ್ತಿದಳು.

"ಸಾಕಾಗಿದೆ ಅತ್ತೆ. ಇನ್ನು ಅವ್ಳೂ ಎತ್ತಲ್ಲ, ಕೈ ಸರಿಯಾದ್ರೂ ನಾನೂ ಎತ್ತಲ್ಲ. ಒಣಗಿದ್ರೆ ಒಣಗ್ಲಿ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮಯೂರ ಒಳಗೆ ಬಂದ. ತನ್ನದನ್ನೂ ಅಪ್ಪನದನ್ನೂ ಎತ್ತಿಕೊಂಡ. "ಅಯ್ಯೋ ಮಗಾ!" ಎಂದಳು ಅಜ್ಜಿ. ತಟ್ಟೆ ಹಿಡಿದು ಅವನು ನಡುಮನೆಯಲ್ಲೇ ನಿಂತ, ಆ ಕಡೆ ಈ ಕಡೆ ನೋಡಿದ.

"ಅಮ್ಮಾ, ಇದನ್ನ ಎಲ್ಲಿ ತೊಳೀತೀರಿ?"

ಹದಿನಾರು ವರ್ಷ ಇದೇ ಮನೆಯಲ್ಲಿ ಉಂಡ ಹುಡುಗ. ಸುಚಿತ್ರಾಳಿಗೆ ನಗು ಬರಲಿಲ್ಲ, ಅಳು ಬಂತು. "ಬಾ, ತೋರಿಸ್ತೀನಿ," ಎಂದು ಎದ್ದಳು.