ಎರಡನೇ ಕಚ್ಚು

ಕಿರ್ರ್ — ಮತ್ತೆ ಜಾರಿತು ಅರ, ಹಾಳಾದ್ದು, ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ಆರಿಸಿದರೂ ಕೋವಿಯೊಳಗಿನ ಈ ಉಕ್ಕಿನ ಬಿಲ್ಲೆಯ ಸೊಕ್ಕು ಇಳಿದಿಲ್ಲ, ಥೇಟ್ ಮಾಡಿದವನ ಹಾಗೆ, ಅಜ್ಜನ ಹಾಗೆ, ನಮ್ಮನೆ ಕೋವಿಗೆ ಒಂದೇ ಕಚ್ಚು ಸಾಕು, ಎರಡನೇದು ಕೈ ನಡುಗೋರಿಗೆ ಅಂತ ಎದೆ ಸೆಟೆಸುತ್ತಿದ್ದನಲ್ಲ ಪುಣ್ಯಾತ್ಮ — ಬೀಗ ರಿಪೇರಿ ಅಂಗಡಿಯಲ್ಲಿ, ತೂಗುವ ಬೀಗದ ಕೈಗಳ ಕೆಳಗೆ, ಅವಳು ಕನ್ನಡಕ ಮೂಗಿನ ತುದಿಗಿಳಿಸಿ ಅರವನ್ನು ಸೀರೆಯ ಸೆರಗಿಗೆ ಒರೆಸಿಕೊಂಡಳು, ಹನ್ನೆರಡಕ್ಕೆ ಬರ್ತೀನಿ ಅಂದಿದ್ದಾನೆ ಚಿಕ್ಕಪ್ಪ, ಎಣ್ಣೆ ಬಿಟ್ಟು ಕೊಡು ಸಾಕು ಕಣೇ, ಅಪ್ಪನ ಕೈಕೆಲಸ, ಅರ ಮುಟ್ಟಿಸಿದರೆ ನೋಡು — ನೋಡ್ತೀನಿ, ನಲವತ್ತೆರಡು ವರ್ಷದಿಂದ ನೋಡ್ತಾನೇ ಇದೀನಿ, ಈಗ ಹೊಸ ಮನೆ ಹಾಲಿನಲ್ಲಿ ನೇತುಹಾಕುತ್ತಾನಂತೆ, ಮೊಮ್ಮಕ್ಕಳು ಕೂರುವ ಸೋಫಾದ ಮೇಲೆ, ಮದ್ದು ತುಂಬಿ, ಕಿಡಿ ಹಾರಿಸುವ ಕೇಪು ಹಾಕಿ, ಖಾಲಿ ಕೋವಿ ಗೋಡೆಗೇ ಅವಮಾನವಂತೆ, ಬುದ್ಧಿ ಅಡವಿಟ್ಟವರು! ಕುದುರೆಯನ್ನು, ಕೇಪಿಗೆ ಬಡಿಯುವ ಆ ಸುತ್ತಿಗೆಯನ್ನು, ಪೂರ್ತಿ ಹಿಂದಕ್ಕೆಳೆದರೆ ಬಿಲ್ಲೆಯಲ್ಲಿರುವ ಒಂದೇ ಕಚ್ಚಿಗೆ ಸಿಕ್ಕಿ ನಿಲ್ಲುತ್ತದೆ, ಬಿಟ್ಟರೆ ನೆಟ್ಟಗೆ ಕೇಪಿನ ಮೇಲೆ, ನಡುವೆ ತಡೆದು ನಿಲ್ಲಲು ಜಾಗವಿಲ್ಲ, ಅದಕ್ಕೇ ಮೆಲ್ಲಗೆ ಇಳಿಸಿ ಕೇಪಿಗೇ ಒರಗಿಸಿಡುತ್ತಿದ್ದರು, ಮಲಗಿಸಿದ ಕುದುರೆ ಒದೆಯಲ್ಲ ಅನ್ನುತ್ತಿದ್ದ ಅಜ್ಜ, ಮನೆಮಂದಿಯೆಲ್ಲ ಹೌದೌದು, ಮಲಗಿದ ಕುದುರೆ — ಒಂದು ಪೆಟ್ಟು ಬೆನ್ನ ಮೇಲೆ ಬಿದ್ದರೆ ಸಾಕು ಒದೆಯುವುದಕ್ಕೆ, ಅವತ್ತು ಬಾಗಿಲು ಧಡ್ ಅಂದಿತ್ತು, ಕೋವಿ ನೇತುಹಾಕಿದ್ದ ಗೂಟ ಕಳಚಿತ್ತು, ಅವಳು ಎಂಟು ವರ್ಷದವಳು ಗೋಡೆ ಕಡೆ ಬೆನ್ನು ಮಾಡಿ ಕೂತಿದ್ದಳು, ಹಿಂದೆ ಅಕ್ಕ, ಅಲ್ಲಾಡಬೇಡ್ವೇ ಕೋತಿ, ಬೈತಲೆ ಸೊಟ್ಟ ಆಗತ್ತೆ, ಎಡಗಡೆ ಜಡೆ ಮುಗಿದು ಬಲಗಡೆಯದು ಅರ್ಧ — ಹ್ಞಾಂ, ಈಗ ಕಚ್ಚಿತು ಅರ, ಸಣ್ಣ ಪುಡಿ ಉದುರಿತು, ನಿಧಾನ, ಆಳ ಹೆಚ್ಚಾದರೆ ಬಿಲ್ಲೆ ಸೀಳುತ್ತದೆ, ಕಡಿಮೆಯಾದರೆ ಟ್ರಿಗರಿನ ನಾಲಿಗೆ ಜಾರುತ್ತದೆ, ಕಚ್ಚಿನ ತುಟಿ ಒಳಕ್ಕೆ ಬಾಗಿರಬೇಕು, ಟ್ರಿಗರ್ ಎಷ್ಟೇ ಎಳೆದರೂ ಬಿಡಬಾರದು, ಎರಡನೇ ಕಚ್ಚು ಅರ್ಧ ಗಂಟೆಯ ಕೆಲಸ ಕಣೋ ಅಜ್ಜ, ಬರೀ ಅರ್ಧ ಗಂಟೆ! ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು, ಮೈಯೆಲ್ಲ ಉರಿಯುವ ಸಿಟ್ಟು, ಅದು ಅಕ್ಕ ಸತ್ತದ್ದಕ್ಕಲ್ಲ, ಸತ್ತಮೇಲೆ ಆಡಿದ ಮಾತಿಗೆ, ಅವಳೇ ಮುಟ್ಟಿರಬೇಕು, ಕಿತಾಪತಿ ಹುಡುಗಿ, ಕೋವಿ ತಾನಾಗಿ ಹಾರುತ್ತದೆಯೇ, ಅಮ್ಮ ಕೂಡ ತಲೆ ತಗ್ಗಿಸಿದ್ದಳು, ಕೋವಿಯ ಮರ್ಯಾದೆ ಉಳಿಯಿತು, ಅಕ್ಕನದು ಹೋಯಿತು.

ಬಿಲ್ಲೆಯನ್ನು ಮತ್ತೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಹದ ಕೊಟ್ಟು, ಸ್ಕ್ರೂ ಬಿಗಿದು, ಕುದುರೆಯನ್ನು ಅರ್ಧಕ್ಕೆ ಎಳೆದಳು — ಟಕ್ — ಟ್ರಿಗರ್ ಎಳೆದಳು, ಇನ್ನೂ ಜೋರಾಗಿ, ಬೆರಳು ಬೆಳ್ಳಗಾಗುವಷ್ಟು, ಕದಲಲಿಲ್ಲ, ಆಹಾ, ಮತ್ತೆ ಎಳೆದಳು, ಕದಲಲಿಲ್ಲ, ಸ್ಕೂಟರ್ ನಿಂತ ಸದ್ದು, ಚಿಕ್ಕಪ್ಪ ಒಳಗೆ ಬಂದವನೇ ಮೇಜಿನ ಮೇಲಿನ ಕಬ್ಬಿಣದ ಪುಡಿ ನೋಡಿದ, ಮುಖ ಕಪ್ಪಿಟ್ಟಿತು, ಏನೇ ಮಾಡಿದೆ, ಹಾಳು ಮಾಡಿದೆಯಲ್ಲೇ, ಅಷ್ಟು ವರ್ಷ ಗೋಡೆ ಮೇಲಿತ್ತು ಏನಾಗಿತ್ತು, ನಿನ್ನಕ್ಕ, ಆ ಹುಡುಗಿ, ಕೈಯಾಡಿಸಿದ್ದಕ್ಕೆ ತಾನೆ — ಕೈ, ಚಿಕ್ಕಪ್ಪ? ಅವಳ ದನಿ ಅವಳಿಗೇ ಅಪರಿಚಿತ, ಅಕ್ಕನ ಎರಡು ಕೈಯೂ ನನ್ನ ತಲೆಯಲ್ಲಿತ್ತು, ಯಾರಾದರೂ ನನ್ನ ಕೇಳಿದಿರಾ, ಒಬ್ಬರಾದರೂ? ಚಿಕ್ಕಪ್ಪ ಸ್ಟೂಲಿನ ಮೇಲೆ ಕುಕ್ಕರಿಸಿದ, ತಲೆಯ ಮೇಲೆ ಬೀಗದ ಕೈಗಳು ಗಾಳಿಗೆ ಕಿಣಿಕಿಣಿ, ಅಕ್ಕ ಸತ್ತ ದಿನ ಸಂಜೆವರೆಗೂ ಮನೆ ತುಂಬ ಜನ, ಅವಳು ಅವರ ಕಾಲುಗಳ ನಡುವೆ ಹಾಗೇ ಓಡಾಡಿದ್ದಳು, ಎಡಗಡೆ ರಿಬ್ಬನ್ ಕಟ್ಟಿದ ಜಡೆ, ಬಲಗಡೆ ಅರ್ಧ, ಯಾರೂ ನೋಡಲಿಲ್ಲ, ಮೂರು ಎಳೆ, ಒಂದರ ಮೇಲೊಂದು, ಅಕ್ಕನ ಬೆರಳು ಬಿಟ್ಟ ಜಾಗದಿಂದ ಕೆಳಕ್ಕೆ ಬಿಚ್ಚಿಕೊಂಡ ಕೂದಲು, ಅರ್ಧ ಜಡೆ.