ಒಂದು ಜೊತೆ ಗ್ಲೌಸು

"ಲೇ ಮುಂಡೇರಾ, ಸಾಹೇಬ್ರು ಹೋಗೋವರೆಗೂ ಯಾವಳಾದ್ರೂ ಗ್ಲೌಸ್ ಬಿಚ್ಚಿದ್ರೆ ನಾಳೆಯಿಂದ ಈ ಕಡೆ ತಲೆ ಹಾಕ್ಬೇಡಿ!"

ಮೇಸ್ತ್ರಿ ನಾಯಿಗೆ ಹಾಕುವಂತೆ ಒಬ್ಬೊಬ್ಬರ ಮುಂದೂ ಹೊಸ ಗ್ಲೌಸು ಎಸೆಯುತ್ತ ಬಂದ. ಜೊತೆಗೆ ರಬ್ಬರ್ ಬ್ಯಾಂಡು. ಜಾರದ ಹಾಗೆ ಮಣಿಕಟ್ಟಿಗೆ ಬಿಗಿದುಕೊಳ್ಳಬೇಕಂತೆ.

ನಮ್ಮದು ಖಾಲಿ ಬಾಟಲಿ ತೊಳೆಯುವ ಶೆಡ್ಡು. ಕಾಸ್ಟಿಕ್ ಸೋಡಾ ಕದಡಿದ ಬಿಸಿನೀರಿನ ತೊಟ್ಟಿಗೆ ಮೊಳಕೈವರೆಗೂ ಕೈ ಇಳಿಸಿ, ಹಳೆ ಲೇಬಲ್ಲು ಕೆರೆದು ತೆಗೆಯಬೇಕು. ಒಂದು ತೊಟ್ಟಿಗೆ ನಾನು ಮತ್ತು ನಮ್ಮತ್ತೆ. ಬೇರೆ ದಿನಗಳಲ್ಲಿ ಇಬ್ಬರಿಗೂ ಸೇರಿ ಒಂದೇ ಜೊತೆ. ಬಲಗೈಯದು ಅವರಿಗೆ, ಎಡಗೈಯದನ್ನು ಒಳಹೊರಗು ಮಾಡಿ ನಾನು ಬಲಗೈಗೆ ಹಾಕಿಕೊಳ್ಳುತ್ತೇನೆ. ಮನೆಯಲ್ಲಿ ಲೋಟ ಚೊಂಬಿಗೂ ಕಿತ್ತಾಡುವ ಅತ್ತೆ ಸೊಸೆ ಇಲ್ಲಿ ಗ್ಲೌಸು ಹಂಚಿಕೊಳ್ಳುವುದು ನೋಡಿ ಉಳಿದವರಿಗೆಲ್ಲ ನಗು.

ಎಡಗೈ ಮಾತ್ರ ಬರಿಗೈ. ಅತ್ತೆಯ ಎಡಗೈ ಕೆಂಪಗೆ ಬೆಂದು, ಬೆರಳ ಸಂದುಗಳೆಲ್ಲ ಬಿರಿದು, ಸದಾ ನೀರು ಒಸರುತ್ತಿತ್ತು. ತುರುಬು ಕಟ್ಟಲು ನನ್ನನ್ನೇ ಕರೆಯುತ್ತಿದ್ದರು, ಕಟ್ಟುವಷ್ಟು ಹೊತ್ತೂ ಬೈಯುತ್ತಿದ್ದರು. ಗಂಡಸರ ದುಡಿಮೆ ಅಂತ ಮನೆಯಲ್ಲಿ ಉಳಿದಿರಲಿಲ್ಲ. ಒಲೆ ಉರಿಯುತ್ತಿದ್ದದ್ದು ನಮ್ಮಿಬ್ಬರಿಂದಲೇ.

ಹೊಸ ಗ್ಲೌಸು ಮಣಿಕಟ್ಟು ದಾಟುತ್ತಿರಲಿಲ್ಲ. ಕೈ ಇಳಿಸಿದ ಕೂಡಲೇ ಸೋಡಾನೀರು ಗ್ಲೌಸಿನ ಬಾಯಿಯ ಮಡಿಕೆಯಲ್ಲಿ ಒಳನುಗ್ಗಿತು. ರಬ್ಬರ್ ಬ್ಯಾಂಡು ಅದನ್ನು ಆಚೆ ಬಿಡಲಿಲ್ಲ. ಅತ್ತೆಯ ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು.

"ಅತ್ತೆ, ಒಳಗೆ ನೀರು ಹೋಯ್ತಾ?"

"ಸುಮ್ನೆ ಉಜ್ಜೇ."

"ಬಿಚ್ಚಿ ಅಂದ್ರೆ!"

"ಬಿಚ್ಚಿದ್ರೆ ನಾಳೆ ಅನ್ನ ನಿಮ್ಮಪ್ಪ ಹಾಕ್ತಾನಾ?"

ಅಷ್ಟರಲ್ಲಿ ತಪಾಸಣೆಯ ಸಾಹೇಬರು ಬಂದರು, ಮೂಗಿಗೆ ಕರವಸ್ತ್ರ ಒತ್ತಿಕೊಂಡು.

"ಎಲ್ರಿಗೂ ಗ್ಲೌಸ್ ಕೊಡ್ತೀರಲ್ಲ?"

"ದಿನಾ ಕೊಡ್ತೀವಿ ಸಾರ್," ಅಂದ ಮೇಸ್ತ್ರಿ.

"ಏನಮ್ಮಾ, ನಿಮಗೇನೂ ತೊಂದ್ರೆ ಇಲ್ವಲ್ಲ?"

"ಏನಿಲ್ಲ ಸ್ವಾಮಿ," ಅಂದರು ಅತ್ತೆ. ತುಟಿ ಕಚ್ಚಿಕೊಂಡೇ ನಕ್ಕರು.

ಆ ನಗು ನನಗೆ ನೋಡಲಾಗಲಿಲ್ಲ. ಅವರ ಎಡಗೈ ಹಿಡಿದು, ರಬ್ಬರ್ ಬ್ಯಾಂಡು ಕಿತ್ತು, ಗ್ಲೌಸು ಎಳೆದೇಬಿಟ್ಟೆ. ಅದರ ಜೊತೆ ಚರ್ಮವೂ ಬಂತು. ಅತ್ತೆ ಕಿರುಚಿದರು.

"ನೋಡಿ ಸ್ವಾಮಿ! ಇದು ಈ ತೊಟ್ಟಿ ಮಾಡಿದ್ದು!"

ಸಾಹೇಬರು ನೋಡಿದರು. ನೋಡಿ, ಹಿಂದೆ ಸರಿದರು.

"ಥೂ, ಏನ್ರೀ ಇದು! ಚರ್ಮರೋಗದವರ ಕೈಲಿ ಬಾಟಲಿ ತೊಳೆಸ್ತೀರಾ? ಜನ ಇದ್ರಲ್ಲಿ ಕುಡೀಬೇಕಲ್ರೀ!"

"ಗೊತ್ತಾಗ್ಲಿಲ್ಲ ಸಾರ್, ಬಚ್ಚಿಟ್ಟಿದ್ಲು ಬೋಳಿ. ಈಗ್ಲೇ ಆಚೆ ಹಾಕ್ತೀನಿ."

"ರೋಗ ಅಲ್ಲ ಸ್ವಾಮಿ, ಸೋಡಾ ತಿಂದಿರೋದು! ಬೇಕಾದ್ರೆ ಎಲ್ರ ಕೈನೂ ನೋಡಿ!"

ಸಾಹೇಬರು ಅತ್ತಿತ್ತ ತಿರುಗಿದರು. ಒಬ್ಬಳೂ ಕೈ ಎತ್ತಲಿಲ್ಲ. ಸಾಲು ತೊಟ್ಟಿಗಳಲ್ಲಿದ್ದ ಅಷ್ಟೂ ಹೆಂಗಸರು ಕೈಗಳನ್ನು ಇನ್ನೂ ಆಳಕ್ಕೆ ಮುಳುಗಿಸಿದರು. ನಿನ್ನೆಯಾಗಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಅತ್ತೆಯನ್ನು ಗೇಟಿನ ಪಕ್ಕದ ನಲ್ಲಿಗೆ ಕರೆದುಕೊಂಡು ಹೋಗಿ ಕೈಗೆ ತಣ್ಣೀರು ಬಿಟ್ಟೆ. ಒಳಗಿನಿಂದ ಮೇಸ್ತ್ರಿ ಕೂಗುತ್ತಿದ್ದ: "ಲೇ ಸೊಸೆ, ನೀನಾದ್ರೂ ಕೆಲಸಕ್ಕೆ ಬರ್ತೀಯೋ, ಅವಳ ಜೊತೆಗೇ ಹೋಗ್ತೀಯೋ?"

ಅತ್ತೆ ನನಗೆ ಹೊಡೆಯಲು ಬಲಗೈ ಎತ್ತಿದರು. ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಗ್ಲೌಸಿನೊಳಗೆ ಬೆಂದ ಆ ಕೈಯ ಬೆರಳೂ ಮಡಚಲು ಬರುತ್ತಿರಲಿಲ್ಲ.

"ನೋಯ್ತದೆ ಕಣೇ," ಅಂದರು. "ನೀನೇ ಹೊಡ್ಕೋ."

ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ.

"ಇನ್ನೂ ಜೋರಾಗಿ," ಅಂದರು ಅತ್ತೆ.