ಡ್ರೈವರಿಗೆ ಮಾತ್ರ ಕಂಡ ಹಕ್ಕಿ

ನಮ್ಮ ಯಜಮಾನರಿಗೂ ನನಗೂ ಒಂದೇ ಬಸ್ಸು. ಅವರು ಡ್ರೈವರ್, ನಾನು ಕಂಡಕ್ಟರ್. ಮನೆಯಲ್ಲಿ ಮುಖ ನೋಡಿದ್ದು ಸಾಲದೆಂದು ದಿನವಿಡೀ ಅವರ ಬೆನ್ನನ್ನೂ ನೋಡುವ ಭಾಗ್ಯ ನನ್ನದು. "ಬಸ್ಸು ಓಡಿಸೋದು ಅವರು, ಅವರನ್ನ ಓಡಿಸೋದು ನೀವು" ಎಂದು ಪ್ರಯಾಣಿಕರು ಕಾಲೆಳೆಯುತ್ತಾರೆ. ಎಳೆಯಲಿ ಬಿಡಿ, ಅದರಲ್ಲಿ ಸುಳ್ಳೇನಿಲ್ಲ.

ಇವರಿಗೆ ತಮ್ಮ ಕಣ್ಣಿನ ಬಗ್ಗೆ ಎಲ್ಲಿಲ್ಲದ ಹೆಮ್ಮೆ. "ಇದು ಡ್ರೈವರ್ ಕಣ್ಣು ಕಣೇ. ಕನ್ನಡಕ ಏನಿದ್ರೂ ಕುರ್ಚಿ ಮೇಲೆ ಕೂತು ಲೆಕ್ಕ ಬರೆಯೋರಿಗೆ" ಎನ್ನುತ್ತಾರೆ. ಅಂಥವರು ಒಂದು ದಿನ ಕೊನೇ ಸ್ಟಾಪಿನಲ್ಲಿ ಬಸ್ಸು ತಿರುಗಿಸಿ ನಿಲ್ಲಿಸಿದವರೇ, "ಲೇ, ಬೇಗ ಬಾ, ಅಲ್ನೋಡು!" ಎಂದು ಕೂಗಿದರು. ನಾನು ಟಿಕೆಟ್ ಮಷೀನಿನಲ್ಲಿ ಮುಖ ಹುದುಗಿಸಿಕೊಂಡಿದ್ದೆ. ತಲೆ ಎತ್ತುವಷ್ಟರಲ್ಲಿ ಏನೂ ಇಲ್ಲ. ರಸ್ತೆಯಾಚೆ ಗೋಡೆ, ಗೋಡೆಯ ಹಿಂದೆ ಒಂದು ಹಳೇ ಮರ, ಅದರ ಕೊಂಬೆಗೆ ಸಿಕ್ಕಿಕೊಂಡ ಹರಕಲು ಗಾಳಿಪಟ.

"ಬೆಳ್ಳಗಿತ್ತು ಕಣೇ ಹಕ್ಕಿ. ತಲೆ ಮಾತ್ರ ಕಪ್ಪು, ಮೇಲೊಂದು ಜುಟ್ಟು. ಬಾಲ ನೋಡ್ಬೇಕು ನೀನು! ಮೈಗಿಂತ ಎರಡು ಪಟ್ಟು ಉದ್ದ, ಬಿಳಿ ರಿಬ್ಬನ್ ಥರ. ಪಕ್ಕದಲ್ಲಿ ಕಂದು ಬಣ್ಣದ್ದು ಇನ್ನೊಂದಿತ್ತು, ಅದಕ್ಕೆ ಬಾಲ ಮೋಟು."

"ಅದು ಹೆಂಡತಿ ಇರ್ಬೇಕು. ಗಂಡನ ಶೋಕಿಗೇ ಮನೆಯ ರಿಬ್ಬನ್ನೆಲ್ಲ ಖರ್ಚಾಗಿರುತ್ತೆ" ಎಂದೆ. ಇವರು ನಗಲಿಲ್ಲ.

ಮರುದಿನವೂ ಕಂಡಿತಂತೆ, ಅದರ ಮರುದಿನವೂ. ನಾನು ನೋಡಿದಾಗಲೆಲ್ಲ ಆ ಗಾಳಿಪಟದ ಬಾಲಂಗೋಚಿ ಮಾತ್ರ ಗಾಳಿಗೆ ಅಲ್ಲಾಡುತ್ತಿತ್ತು. ಬಿಳಿಯದು, ಉದ್ದನೆಯದು, ರಿಬ್ಬನ್ ಥರದ್ದೇ. ಆಗ ನನಗೆ ಇವರ ಕಣ್ಣಿನ ಮೇಲೆ ಸಣ್ಣ ಅನುಮಾನ ಹುಟ್ಟಿತು. ಹಿಂದಿನ ವಾರವಷ್ಟೇ ಇವರು ಮಂಡಿಗೆ ನೋವಿನೆಣ್ಣೆಯೆಂದು ತಲೆಗೆ ಹಚ್ಚುವ ಎಣ್ಣೆಯನ್ನು ತಿಕ್ಕಿಕೊಂಡು "ಈಗ ಹಾಯಾಯ್ತು" ಎಂದಿದ್ದರು. ಸೀಸೆಯ ಮೇಲೆ ದಪ್ಪಕ್ಷರದಲ್ಲಿ ಹೆಸರಿತ್ತು. ಡಿಪೋದ ಹಾಳೆಯಲ್ಲಿ ಬೇರೆಯವರ ಸಾಲಿನಲ್ಲಿ ಸಹಿ ಹಾಕಿದ್ದೂ ಆಗಿತ್ತು.

ನನ್ನ ತಮ್ಮ ಅದೇ ಡಿಪೋದಲ್ಲಿ ಮೆಕ್ಯಾನಿಕ್. ಭಾವನ ಕಾಲೆಳೆಯುವ ಅವಕಾಶ ಸಿಕ್ಕರೆ ಊಟ ಬಿಟ್ಟು ಬರುವವನು. ಅವನಿಗೆ ವಿಷಯ ತಿಳಿದದ್ದು ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು.

"ಭಾವ, ಇವತ್ತು ಗಾಳಿಪಟ ಮೊಟ್ಟೆ ಇಡ್ತಾ?" ಎಂದ, ಬಸ್ಸಿನ ಕೆಳಗಿನಿಂದ ತಲೆ ಹೊರಹಾಕಿ.

"ನೀನು ನಟ್ಟು ಬಿಗಿ ಮಾಡು, ಬಾಯಿ ಸಡಿಲ ಬಿಡಬೇಡ" ಎಂದರು ಇವರು. ಅವರು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು.

ಕೊನೇ ಸ್ಟಾಪಿನಲ್ಲಿ ದಿನವೂ ಹತ್ತುವ ಡ್ರಾಯಿಂಗ್ ಟೀಚರ್ ಒಬ್ಬರಿದ್ದಾರೆ. ಹಕ್ಕಿಗಳ ಹುಚ್ಚು ಅವರಿಗೂ ಇದೆ. ಇವರ ವರ್ಣನೆ ಕೇಳಿ ಮರುದಿನ ಮನೆಯಿಂದ ಹಕ್ಕಿಗಳ ಪುಸ್ತಕ ತಂದರು. ಹಾಳೆ ತಿರುವಿ ಒಂದು ಪುಟ ಬಿಡಿಸಿ, ಸ್ಟಿಯರಿಂಗಿನ ಮೇಲೇ ಇಟ್ಟರು.

"ನೋಡಿ ಸರ್, ರಾಜಹಕ್ಕಿ. ನೀವು ನೋಡಿದ್ದು ಇದೇ ಅಲ್ವಾ?"

ಬಸ್ಸಿನ ಮುಂದಿನ ಸೀಟುಗಳೆಲ್ಲ ಕತ್ತು ಚಾಚಿದವು. ನಾನೂ ಬಗ್ಗಿ ನೋಡಿದೆ. ಬಿಳಿ ಮೈ, ಕಪ್ಪು ತಲೆ, ಜುಟ್ಟು, ಎರಡು ಉದ್ದನೆಯ ಬಾಲಗರಿ, ಇವರು ಹೇಳಿದ್ದು ಒಂದೂ ತಪ್ಪಿಲ್ಲ. ನನಗೆ ಎಂಥ ಸಮಾಧಾನ! ಇವರು ಪುಟವನ್ನೇ ನೋಡಿದರು, ಹುಬ್ಬು ಗಂಟಿಕ್ಕಿದರು, ಆಮೇಲೆ ತಲೆಯಾಡಿಸಿದರು.

"ಇದಲ್ಲ. ಇದಕ್ಕೆ ಜುಟ್ಟೇ ಇಲ್ವಲ್ಲ."

ಟೀಚರ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಜುಟ್ಟು ನನ್ನ ಹೆಬ್ಬೆರಳಿನಷ್ಟಿತ್ತು. ಟೀಚರ್ ಮೆಲ್ಲಗೆ, "ಅಂಥ ಬಾಲ ಇರೋದು ಇದಕ್ಕೊಂದಕ್ಕೇ ಸರ್. ಇರ್ಲಿ, ಪುಸ್ತಕ ಎರಡು ದಿನ ನಿಮ್ಮ ಹತ್ರಾನೇ ಇಟ್ಕೊಳ್ಳಿ" ಎಂದು ಹೋಗಿ ಕೂತರು. ಮೂಗಿನ ಮುಂದಿಟ್ಟ ಜುಟ್ಟೇ ಕಾಣದವರಿಗೆ ರಸ್ತೆಯಾಚೆಯ ಹಕ್ಕಿ ಕಂಡೀತೇ ಎಂದು ಬಸ್ಸಿಗೆ ಬಸ್ಸೇ ಯೋಚಿಸುತ್ತಿತ್ತು. ನಾನೂ ಅದನ್ನೇ ಯೋಚಿಸಿದೆ.

ಡಿಪೋದಲ್ಲಿ ಡ್ರೈವರುಗಳ ಕಣ್ಣಿನ ಪರೀಕ್ಷೆ ಹತ್ತಿರ ಬಂದಿತ್ತು. ಅಂದು ಸಂಜೆ ಇವರು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, "ಪರೀಕ್ಷೆಗೆ ಹೋಗಲ್ಲ ಕಣೇ. ಅದಕ್ಕೆ ಮುಂಚೆ ನಾನೇ ಕೀಲಿ ಕೊಟ್ಬಿಡ್ತೀನಿ. ಡಿಪೋದಲ್ಲಿ ಬಸ್ಸು ತೊಳೆಯೋ ಕೆಲಸ ಕೊಡ್ತಾರೆ" ಎಂದರು.

"ಏನ್ರೀ ಇದು, ಒಂದು ಹಕ್ಕಿಗೋಸ್ಕರ?"

"ಹಕ್ಕಿ ಅಲ್ವೇ. ಇವತ್ತು ಇಲ್ಲದ ಹಕ್ಕಿ ಕಂಡೋನಿಗೆ ನಾಳೆ ಇಲ್ಲದ ರಸ್ತೆ ಕಂಡ್ರೆ? ಹಿಂದೆ ಕೂತಿರೋರು ನನ್ನ ಕಣ್ಣು ನಂಬ್ಕೊಂಡು ನಿದ್ದೆ ಮಾಡ್ತಾರೆ."

ಜಗಳಕ್ಕೆಂದು ತಿರುಗಿದವಳು ಒಲೆಯ ಉರಿ ತಗ್ಗಿಸಿದೆ. ಈ ಮನುಷ್ಯ ಬ್ರೇಕ್ ಹಾಕಿದರೆ ನಿಂತವರ ಕೈಯಲ್ಲಿನ ಕಾಫಿ ತುಳುಕುವುದಿಲ್ಲ. ಇವರಿಗೆ ಸ್ಟಿಯರಿಂಗ್ ಇಲ್ಲದ ದಿನವನ್ನು ನೆನೆಸಿಕೊಂಡು ಇವರ ಬಗ್ಗೆ ಸಂಕಟವಾಯಿತು. ನನ್ನ ಬಗ್ಗೆಯೂ ಸಂಕಟವಾಯಿತು. ಬೇರೆ ಯಾರದೋ ಬೆನ್ನು ನೋಡುತ್ತಾ ನಾನು "ರೈಟ್" ಎನ್ನಬೇಕೇ?

ಮರುದಿನ ಬೆಳಗಿನ ಟ್ರಿಪ್ಪು. ಕೊನೇ ಸ್ಟಾಪಿನಲ್ಲಿ ಎಲ್ಲರೂ ಇಳಿದರು. ಇವರು ಮರದ ಕಡೆ ತಿರುಗಿಯೂ ನೋಡದೆ, ಸ್ಟಿಯರಿಂಗಿನ ಮೇಲಿನ ಧೂಳನ್ನು ಬಟ್ಟೆಯಿಂದ ಒರೆಸುತ್ತಾ ಕೂತರು. ಒರೆಸಿದ್ದನ್ನೇ ಒರೆಸುತ್ತಿದ್ದರು. ಅದನ್ನು ನೋಡಲಾಗದೆ ನಾನು ಟೀಚರಿಗೆ ಹಿಂತಿರುಗಿಸಬೇಕಿದ್ದ ಪುಸ್ತಕ ಹಿಡಿದು ಹಿಂದಿನ ಸೀಟಿಗೆ ಹೋದೆ. ಅಲ್ಲಿ ಕೂತು ಆ ಪುಟ ತೆರೆದದ್ದೇ ತಡ, ರಾತ್ರಿಯಿಂದ ನುಂಗಿಕೊಂಡಿದ್ದ ಸಿಟ್ಟೆಲ್ಲ ಉಕ್ಕಿ ಬಂತು. ಎದ್ದು ನಿಂತು ಪುಸ್ತಕವನ್ನು ಅವರ ಕಡೆಗೆ ಎತ್ತಿ ಹಿಡಿದೆ.

"ಇದೇ ಹಕ್ಕಿ ಅಂತ ಒಪ್ಕೊಂಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ರೀ? ಅಷ್ಟು ದೊಡ್ಡ ಜುಟ್ಟು ಇಟ್ಕೊಂಡು ಕೂತಿದೆ ಪಾಪ, ಇಲ್ಲ ಅಂತೀರಲ್ಲ!"

ಇವರು ತಲೆಯ ಮೇಲಿನ ಕನ್ನಡಿಯಲ್ಲಿ ನನ್ನನ್ನು ನೋಡಿದರು. ಬಟ್ಟೆ ಹಿಡಿದ ಕೈ ನಿಂತಿತು. ಮೆಲ್ಲಗೆ ಪೂರ್ತಿ ಹಿಂದಕ್ಕೆ ತಿರುಗಿದರು.

"ಲೇ... ಅದೇ ಕಣೇ!"

"ಯಾವುದು?"

"ಅದೇ ಹಕ್ಕಿ! ಜುಟ್ಟು ಇದೆಯಲ್ಲ! ಕಣ್ಣಿನ ಸುತ್ತ ನೀಲಿ ಉಂಗುರ ಬೇರೆ ಇದೆ. ನಿನ್ನೆ ಆಯಮ್ಮ ತೋರಿಸಿದ್ದು ಬೇರೆ ಪುಟ."

"ನಿನ್ನೆ ತೋರಿಸಿದ್ದೂ ಇದೇ ಪುಟ ಕಣ್ರೀ!"

ನೀಲಿ ಉಂಗುರ ನನಗೆ ಗೊತ್ತಿರಲಿಲ್ಲ. ಪುಸ್ತಕವನ್ನು ನನ್ನ ಕಡೆ ತಿರುಗಿಸಿ ನೋಡಿದರೆ, ಹೌದು, ಇತ್ತು. ಪುಸ್ತಕ ಎತ್ತಿ ಹಿಡಿದುಕೊಂಡೇ ಮುಂದೆ ನಡೆದೆ. ನಡುವಿನ ಸೀಟಿನವರೆಗೂ "ಚೆನ್ನಾಗಿ ಕಾಣ್ತಿದೆ" ಎಂದರು. ಮುಂದಿನ ಬಾಗಿಲ ಹತ್ತಿರ ಬಂದಾಗ ಕತ್ತನ್ನು ಹಿಂದಕ್ಕೆ ಎಳೆದುಕೊಂಡರು. ಮೂಗಿನ ಮುಂದೆ ಹಿಡಿದಾಗ ಕಣ್ಣು ಕಿರಿದು ಮಾಡಿ, "ಈಗ ಬರೀ ಸುಣ್ಣದ ಮುದ್ದೆ" ಎಂದರು. ಖಚಿತವಾಗಲೆಂದು ನಾನು ಮತ್ತೆ ಹಿಂದಕ್ಕೆ ಹೋದೆ, ಮತ್ತೆ ಮುಂದಕ್ಕೆ ಬಂದೆ. ಆಗ ನನಗೆ ನಗು ಶುರುವಾಯಿತು ನೋಡಿ, ಸೀಟಿನ ಕಂಬಿ ಹಿಡಿದುಕೊಂಡು ನಗಬೇಕಾಯಿತು.

"ರೀ, ನಿಮಗೆ ದೂರದ್ದಲ್ಲ, ಹತ್ತಿರದ್ದು ಕಾಣ್ತಿಲ್ಲ. ವಯಸ್ಸಾಯ್ತು ನಿಮಗೆ, ಅಷ್ಟೇ!"

ವಯಸ್ಸಾಯ್ತು ಎಂದದ್ದಕ್ಕೆ ಇಷ್ಟು ಸಂತೋಷಪಟ್ಟ ಗಂಡಸನ್ನು ನಾನು ಬೇರೆಲ್ಲೂ ಕಂಡಿಲ್ಲ. ನನ್ನ ಭುಜ ಹಿಡಿದು ಕಿಟಕಿಯ ಕಡೆ ತಿರುಗಿಸಿದರು. "ಗಾಳಿಪಟ ಬಿಡು. ಅದರ ಕೆಳಗೆ, ಎಡಕ್ಕೆ, ನೆರಳಲ್ಲಿ ನೋಡು. ಅವಸರ ಮಾಡಬೇಡ." ನೆರಳಿನಿಂದ ಏನೋ ಬೆಳ್ಳಗೆ ಚಿಮ್ಮಿತು. ಗಾಳಿಯಲ್ಲೇ ಒಂದು ಹುಳ ಹಿಡಿದು, ಆ ಉದ್ದ ಬಾಲವನ್ನು ಹಿಂದೆ ತೇಲಿಬಿಟ್ಟುಕೊಂಡು ಮತ್ತೆ ಎಲೆಗಳೊಳಗೆ ಹೋಯಿತು. ಇಷ್ಟು ದಿನ ನಾನು ಚಿಲ್ಲರೆ ನೋಡುತ್ತಾ ಕೂತಿದ್ದೆನಲ್ಲ ಎಂದು ನನ್ನ ಮೇಲೇ ಕೋಪ ಬಂತು.

ಅಷ್ಟಾದರೂ ಪರೀಕ್ಷೆಯ ದಿನ ಇವರ ಭಯ ಹೋಗಿರಲಿಲ್ಲ. "ನೀನು ಡಾಕ್ಟರ್ ಅಲ್ಲ, ಕಂಡಕ್ಟರ್" ಎಂದು ದಾರಿಯುದ್ದಕ್ಕೂ ಗೊಣಗಿದರು. ನಾನೂ ನನ್ನ ತಮ್ಮನೂ ಹೊರಗೆ ಬೆಂಚಿನ ಮೇಲೆ ಕಾದೆವು. ತಮ್ಮನ ಬಾಯಲ್ಲಿ ಅಂದು ಒಂದು ಕುಹಕವೂ ಬರಲಿಲ್ಲ. ಉಗುರಿನ ಗ್ರೀಸು ಕೆರೆಯುತ್ತಾ ಬಾಗಿಲನ್ನೇ ನೋಡುತ್ತಿದ್ದ.

ಇವರು ಒಂದು ಚೀಟಿ ಹಿಡಿದು ಹೊರಗೆ ಬಂದರು. ತೋಳನ್ನು ಪೂರ್ತಿ ಚಾಚಿದರು, ತಲೆಯನ್ನು ಹಿಂದಕ್ಕೆ ಬಾಗಿಸಿದರು, ಆದರೂ ಆಗಲಿಲ್ಲ. ಚೀಟಿಯನ್ನು ನನ್ನ ಕೈಗೆ ಕೊಟ್ಟರು.

"ಒಳಗೆ ಏನೋ ಹೇಳಿದ್ರು. ನನಗೆ ಗಾಬರೀಲಿ ಒಂದೂ ಕೇಳಿಸ್ಲಿಲ್ಲ. ಓದು."

"ದೂರದ ದೃಷ್ಟಿ ಚೆನ್ನಾಗಿದೆ. ಬಸ್ಸು ಓಡಿಸಬಹುದು. ಓದುವುದಕ್ಕೆ ಕನ್ನಡಕ ಬೇಕು" ಎಂದು ಓದಿದೆ.

"ಇನ್ನೊಂದ್ಸಲ ಓದು."

ಓದಿದೆ. ನನ್ನ ತಮ್ಮ ಭಾವನ ಬೆನ್ನಿಗೆ ಒಂದು ಗುದ್ದು ಕೊಟ್ಟು, "ರಾಜಹಕ್ಕಿ ನೀವೇ ಭಾವ!" ಎಂದ. ಇವರು ಅವನ ಕಡೆ ನೋಡಲಿಲ್ಲ.

"ಆ ನಡುವಿನ ಸಾಲು, ಇನ್ನೊಂದೇ ಸಲ."

ಅಷ್ಟರಲ್ಲಿ ನನ್ನ ಕಣ್ಣು ತುಂಬಿಕೊಂಡು ಚೀಟಿಯ ಮೇಲಿನ ಒಂದಕ್ಷರವೂ ಕಾಣುತ್ತಿರಲಿಲ್ಲ. ನೋಡಿ ಓದಬೇಕಾದ ಅಗತ್ಯವೂ ಇರಲಿಲ್ಲ, ಬಾಯಿಗೆ ಬಂದಿತ್ತು. "ಬಸ್ಸು ಓಡಿಸಬಹುದು" ಎಂದೆ, ಬಸ್‌ಸ್ಟ್ಯಾಂಡಿನಲ್ಲಿ ಕೂಗುವ ಗಂಟಲಿನಲ್ಲಿ.